ಸಿದ್ರಾಮಪ್ಪನ ಎಲುಬಿಗೆ ಎಷ್ಟು ವಯಸ್ಸು

ಪ್ಲಾಸ್ಟರ್ ರೂಮಿನ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ಕಲಿಯಬೇಕಾದ್ದು ನೀರಿನ ಬಿಸಿ. ಬಿಸಿ ಹೆಚ್ಚಾದರೆ ನೆನೆಸಿದ ಪ್ಲಾಸ್ಟರ್ ಪಟ್ಟಿ ನಿಮ್ಮ ಕೈಯಲ್ಲೇ ಕಲ್ಲಾಗುತ್ತದೆ. ತೀರ ತಣ್ಣಗಿದ್ದರೆ ರೋಗಿ ಮನೆ ಮುಟ್ಟಿದರೂ ಅದು ಒದ್ದೆಯಾಗಿಯೇ ಇರುತ್ತದೆ. ಎರಡನೆಯದು, ಬಾಯಿ ಮುಚ್ಚಿಕೊಂಡಿರುವುದು. ನೀರಿನ ಬಿಸಿಯನ್ನು ನಾನು ಒಂದು ವಾರದಲ್ಲಿ ಕಲಿತೆ. ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಲು ಐದಾರು ವರ್ಷ ಹಿಡಿಯಿತು, ಅಷ್ಟರಲ್ಲಿ ಒಬ್ಬ ಮನುಷ್ಯನ ನೌಕರಿ ಹೋಗುವುದರಲ್ಲಿತ್ತು.

ನನ್ನ ಹೆಸರು ದಸ್ತಗೀರ. ಊರು ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನ ಕಡೆ. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಕನ್ನಡ. ಅರವತ್ತರ ದಶಕದ ಕೊನೆಯಲ್ಲಿ ಮುಂಬಯಿಗೆ ಬಂದು, ಪರೇಲಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ವಾರ್ಡ್ ಬಾಯ್ ಆಗಿ ಸೇರಿದೆ. ಕೆಲವೇ ತಿಂಗಳಲ್ಲಿ ಎಲುಬಿನ ವಿಭಾಗದ ಪ್ಲಾಸ್ಟರ್ ರೂಮಿಗೆ ಹಾಕಿದರು. ಆಗ ತಯಾರಾದ ಪಟ್ಟಿ ಪೊಟ್ಟಣದಲ್ಲಿ ಬರುತ್ತಿರಲಿಲ್ಲ. ಬೆಳಿಗ್ಗೆ ಗಾಜ್ ಎನ್ನುವ ಜಾಲರಿ ಬಟ್ಟೆ ಹಾಸಿ, ಅದರ ಮೇಲೆ ಪ್ಲಾಸ್ಟರ್ ಪುಡಿ ತಿಕ್ಕಿ, ಸುರುಳಿ ಸುತ್ತಿ ತಗಡಿನ ಡಬ್ಬಿಯಲ್ಲಿ ತುಂಬಿಡಬೇಕು. ಸಂಜೆ ಲೋಕಲ್‌ನಲ್ಲಿ ನಿಂತರೆ ಜನ ನನ್ನನ್ನು ಹಿಟ್ಟಿನ ಗಿರಣಿಯವನೆಂದು ತಿಳಿದು, ನಿಮ್ಮಲ್ಲಿ ಜೋಳ ಸಣ್ಣಗೆ ಬೀಸುತ್ತಾರೆಯೇ ಎಂದು ಕೇಳುತ್ತಿದ್ದರು. ಮೊದಮೊದಲು ಅಲ್ಲವೆಂದು ವಿವರಿಸುತ್ತಿದ್ದೆ. ಆಮೇಲೆ ಹೌದು, ಸಣ್ಣಗೇ ಬೀಸುತ್ತೇವೆ ಎನ್ನತೊಡಗಿದೆ.

ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಒಂದು ಸಂಗತಿ ಗೊತ್ತಾಯಿತು. ಮುರಿತಕ್ಕೂ ವಯಸ್ಸಿಗೂ ನಂಟಿದೆ. ಸಂಕ್ರಾಂತಿ ಬಂತೆಂದರೆ ಗಾಳಿಪಟದ ಹಿಂದೆ ಓಡಿ ಬಿದ್ದ ಮಕ್ಕಳು ಬರುತ್ತಿದ್ದರು, ಅವರದು ಮುಂಗೈ ಇಲ್ಲವೆ ಮೊಣಕೈಯ ಮೇಲ್ಭಾಗ. ಗೋಕುಲಾಷ್ಟಮಿಯ ದಿನ ಮೊಸರು ಗಡಿಗೆ ಒಡೆಯಲು ಒಬ್ಬರ ಮೇಲೊಬ್ಬರು ಹತ್ತಿ ಉರುಳಿದ ಹರೆಯದವರು, ಅವರದು ಕಾಲು, ತೊಡೆ, ಭುಜ. ಮಳೆಗಾಲದಲ್ಲಿ ಚಾಳಿನ ನಳದ ಹತ್ತಿರ ಪಾಚಿಯ ಮೇಲೆ ಜಾರಿದ ಐವತ್ತು ದಾಟಿದ ಹೆಂಗಸರು, ಅವರದು ಮಣಿಕಟ್ಟು. ಮುದುಕರಿಗೆ ಮಾತ್ರ ಋತುಮಾನವಿರಲಿಲ್ಲ. ಅವರು ಮನೆಯೊಳಗೆ, ಸಪಾಟು ನೆಲದ ಮೇಲೆ, ಚಪ್ಪಲಿ ಹುಡುಕುತ್ತ ಬಿದ್ದು ತೊಡೆಯೆಲುಬಿನ ಕುತ್ತಿಗೆ ಮುರಿದುಕೊಳ್ಳುತ್ತಿದ್ದರು. ಸೊಂಟದ ಕೀಲಿಗೆ ಸೇರುವ ಜಾಗಕ್ಕೆ ಕುತ್ತಿಗೆ ಎನ್ನುತ್ತೇವೆ.

ನಮ್ಮ ವಿಭಾಗದ ಹಿರಿಯ ಡಾಕ್ಟರನ್ನು ಎಲ್ಲರೂ ಬಡೇ ಸಾಹೇಬರು ಎನ್ನುತ್ತಿದ್ದರು. ಅವರು ಇದಕ್ಕೆ ಕಾರಣ ಹೇಳುತ್ತಿದ್ದರು. ಮಗುವಿನ ಎಲುಬು ಹಸಿ ಕಡ್ಡಿಯಂತೆ, ಬಾಗಿ ಒಂದು ಮಗ್ಗುಲು ಸೀಳುತ್ತದೆ, ಎರಡು ತುಂಡಾಗುವುದು ಕಡಿಮೆ. ಹರೆಯದವನ ಎಲುಬು ಮುರಿಯಲು ಲಾರಿಯೋ ಯಂತ್ರವೋ ಬೇಕು. ಐವತ್ತೈದರ ಹೆಂಗಸಿನ ಎಲುಬು ಒಳಗೆ ಟೊಳ್ಳಾಗತೊಡಗಿರುತ್ತದೆ, ಆದರೆ ಮೈ ಚುರುಕಾಗಿರುತ್ತದೆ. ಬೀಳುವಾಗ ಕೈ ಮುಂದೆ ಬರುತ್ತದೆ, ಮಣಿಕಟ್ಟು ಹೋಗುತ್ತದೆ. ಎಪ್ಪತ್ತರಲ್ಲಿ ಕೈ ಹೊರಡುವಷ್ಟರಲ್ಲಿ ಮೈ ನೆಲ ಮುಟ್ಟಿರುತ್ತದೆ, ಸೊಂಟ ಹೋಗುತ್ತದೆ.

ಮಕ್ಕಳ ಈ ಹಸಿ ಕಡ್ಡಿ ಎಲುಬಿನ ದೆಸೆಯಿಂದ ನಾನೊಮ್ಮೆ ಏಟು ತಿಂದದ್ದುಂಟು. ಮಾಟುಂಗದ ಒಂದು ಉಡುಪಿ ಹೋಟೆಲಿನವರ ಮಗ, ಏಳು ವರ್ಷ, ಮುಂಗೈ ಬಿಲ್ಲಿನಂತೆ ಬಾಗಿತ್ತು. ಇಂಥ ಎಲುಬನ್ನು ಕೆಲವೊಮ್ಮೆ ಪೂರ್ತಿ ಮುರಿದೇ ನೇರ ಮಾಡಬೇಕಾಗುತ್ತದೆ, ಇಲ್ಲದಿದ್ದರೆ ಪ್ಲಾಸ್ಟರಿನೊಳಗೆ ಮತ್ತೆ ಬಾಗುತ್ತದೆ. ಮಗುವಿಗೆ ಮತ್ತಿನ ಔಷಧ ಕೊಟ್ಟು ಸಾಹೇಬರು ಒತ್ತಿದರು. ಕಟ್ ಎಂದಿತು. ಬಾಗಿಲ ಸಂದಿಯಲ್ಲಿ ನಿಂತಿದ್ದ ತಾಯಿ ಒಳಗೆ ಬಂದವರೇ ಕೈಯಲ್ಲಿದ್ದ ಕೊಡೆಯಿಂದ ನನ್ನ ಬೆನ್ನಿಗೆ ಬಾರಿಸಿದರು. ಸಾಹೇಬರಿಗೆ ಬಾರಿಸಲು ಅವರಿಗೂ ಧೈರ್ಯವಿರಲಿಲ್ಲ.

“ಎಂತ ಮಾರಾಯ್ರೆ, ಅರ್ಧ ಮುರಿದದ್ದನ್ನು ತಂದು ಕೊಟ್ಟರೆ ಪೂರ್ತಿ ಮುರಿಯುವುದಾ ನೀವು?” ಎಂದರು.

 ಆರು ವಾರದ ನಂತರ ಮಗನ ಕೈ ನೇರವಾದ ಮೇಲೆ ಆಕೆ ಒಂದು ಡಬ್ಬಿ ಕೋಡುಬಳೆ ತಂದುಕೊಟ್ಟರು, ಕೊಡೆಯ ವಿಷಯ ಎತ್ತಲಿಲ್ಲ.

ನನ್ನದೇ ತಪ್ಪೂ ಒಂದಿದೆ. ವಿಕ್ರೋಳಿಯ ಕಾರ್ಖಾನೆಯೊಂದರ ಇಪ್ಪತ್ತೆರಡರ ತರುಣ, ಬಲಗಾಲಿನ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು. ನಾನು ಬೆರಳಿನಿಂದ ತೊಡೆಯವರೆಗೆ ಚೆಂದವಾಗಿ ಪ್ಲಾಸ್ಟರು ಹಾಕಿದೆ, ಎಡಗಾಲಿಗೆ. ಅವನು ಸುಮ್ಮನೆ ನೋಡುತ್ತಿದ್ದ. ಮೂರನೆಯ ದಿನ ನೋವೆಂದು ಬಂದಾಗ ಗೊತ್ತಾಯಿತು. ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಒಳ್ಳೆಯ ಕಾಲನ್ನು ಕಟ್ಟಿಹಾಕಿದರೆ ಮನುಷ್ಯ ಓಡಾಡುವುದಿಲ್ಲ, ಕೆಟ್ಟ ಕಾಲಿಗೆ ತಾನಾಗಿಯೇ ವಿಶ್ರಾಂತಿ ಸಿಗುತ್ತದೆ, ಇದು ಹೊಸ ಪದ್ಧತಿ ಇರಬೇಕೆಂದುಕೊಂಡೆ ಎಂದ. ಇಪ್ಪತ್ತೆರಡರ ಎಲುಬಾದ್ದರಿಂದ ನನ್ನ ತಪ್ಪನ್ನೂ ಸಹಿಸಿಕೊಂಡು ಕೂಡಿಕೊಂಡಿತು. ಹೊಸಬರಿಗೆ ಇಷ್ಟೇ ಹೇಳುತ್ತೇನೆ: ಪಟ್ಟಿ ನೀರಿಗೆ ಹಾಕುವ ಮೊದಲು ರೋಗಿಯನ್ನೇ ಕೇಳಿ, ಯಾವ ಕಾಲು ಎಂದು.

ಇನ್ನು ಸಿದ್ರಾಮಪ್ಪನ ಸಂಗತಿ.

ಬಡೇ ಸಾಹೇಬರಿಗೊಂದು ಆಟವಿತ್ತು. ಕಲಿಯುವ ಡಾಕ್ಟರುಗಳನ್ನು ಸುತ್ತ ನಿಲ್ಲಿಸಿಕೊಂಡು, ಹೆಸರಿರುವ ಮೂಲೆಗೆ ಕಪ್ಪು ಕಾಗದ ಮುಚ್ಚಿ, ಎಕ್ಸ್‌ರೇ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸುವುದು. ಆಮೇಲೆ ಹೆಂಗಸೋ ಗಂಡಸೋ, ವಯಸ್ಸೆಷ್ಟು, ಹೇಗೆ ಬಿದ್ದದ್ದು, ಎಲ್ಲ ಹೇಳುವುದು. ಹತ್ತರಲ್ಲಿ ಒಂಬತ್ತು ಸಲ ಸರಿ ಇರುತ್ತಿತ್ತು. ಆಸ್ಪತ್ರೆಯಲ್ಲಿ ಅವರಿಗೆ ಹಡ್ಡಿ ಜ್ಯೋತಿಷಿ, ಅಂದರೆ ಎಲುಬಿನ ಜ್ಯೋತಿಷಿ ಎಂದು ಹೆಸರಿತ್ತು, ಆ ಹೆಸರು ಅವರಿಗೂ ಗೊತ್ತಿತ್ತು, ಇಷ್ಟವೂ ಆಗಿತ್ತು. ವಿದ್ಯಾರ್ಥಿಗಳು ತಡವರಿಸಿದರೆ ಅವರನ್ನು ನಾಚಿಸಲು ನನ್ನನ್ನು ಕರೆಯುತ್ತಿದ್ದರು. ನಾನು ಹೇಳಿದ್ದೂ ಎಷ್ಟೋ ಸಲ ಸರಿಹೋಗುತ್ತಿತ್ತು. ಏಳನೆಯ ಇಯತ್ತೆ ಓದಿದವನಿಗೆ ಇದಕ್ಕಿಂತ ದೊಡ್ಡ ಅಮಲು ಇಲ್ಲ.

ಒಂದು ದಿನ ಹಾಗೆಯೇ ಕರೆದರು. ತೊಡೆಯೆಲುಬಿನ ಕುತ್ತಿಗೆ ಮುರಿದಿತ್ತು, ಎಲುಬಿನ ನೆರಳು ತೆಳ್ಳಗೆ ಹಳೆಯ ಧೋತರದಂತಿತ್ತು.

“ಅರವತ್ತೈದು, ಸಾಹೇಬ. ಗಂಡಸು. ನಿಂತಲ್ಲೇ ಬಿದ್ದದ್ದು,” ಎಂದೆ.

ಸಾಹೇಬರು ಅರವತ್ತನಾಲ್ಕು ಎಂದರು. ಒಂದು ವರ್ಷದ ವ್ಯತ್ಯಾಸಕ್ಕೆ ಎಲ್ಲರೂ ನಕ್ಕರು. ಆಗ ಬಾಗಿಲಲ್ಲಿ ನಿಂತಿದ್ದ ಒಬ್ಬ ತರುಣ ಕೈಯಲ್ಲಿದ್ದ ಫೈಲು ತೆರೆದು, ಕ್ಷಮಿಸಿ, ನಮ್ಮ ದಾಖಲೆಯಲ್ಲಿ ಐವತ್ತೊಂದು ಇದೆ ಎಂದ.

ಅವನು ಹತ್ತಿರದ ಬಟ್ಟೆ ಮಿಲ್ಲೊಂದರ ಲೇಬರ್ ಆಫೀಸರ್, ಹೆಸರು ಸಾಮಂತ. ಕೆಲಸಕ್ಕೆ ಹೊಸಬ, ಅಂಗಿಯ ಕಿಸೆಯಲ್ಲಿ ಮೂರು ಬಣ್ಣದ ಪೆನ್ನು. ಫಿಲ್ಮಿನಲ್ಲಿದ್ದ ಎಲುಬು ಅವರ ಮಿಲ್ಲಿನ ಜಾಬರ್, ಅಂದರೆ ಮಗ್ಗದವರ ಮೇಸ್ತ್ರಿ, ಸಿದ್ರಾಮಪ್ಪನದು. ಸಿದ್ರಾಮಪ್ಪ ಯಾರಿಗೋ ಬೈಯಲು ಗಕ್ಕನೆ ಹಿಂದೆ ತಿರುಗಿ, ತನ್ನದೇ ಧೋತರಕ್ಕೆ ಕಾಲು ಸಿಕ್ಕಿ ಬಿದ್ದಿದ್ದ. ಬಿದ್ದದ್ದು ಮಿಲ್ಲಿನೊಳಗಾದ್ದರಿಂದ ಸಾಮಂತ ಜೊತೆಗೆ ಬಂದಿದ್ದ. ಈಗ ಅವನ ಮುಖದಲ್ಲಿ ನಿಧಿ ಸಿಕ್ಕವನ ಕಳೆ ಬಂತು. ಮೂರನೆಯ ದಿನ ಮಿಲ್ಲಿನಿಂದ ಪತ್ರ ಬಂತು: ಕೆಲಸಗಾರನ ಎಲುಬಿನ ವಯಸ್ಸನ್ನು ದಯವಿಟ್ಟು ಲಿಖಿತವಾಗಿ ದೃಢೀಕರಿಸಬೇಕು.

ಸಿದ್ರಾಮಪ್ಪ ವಾರ್ಡಿನಲ್ಲಿ ಕಾಲಿಗೆ ತೂಕ ಕಟ್ಟಿಸಿಕೊಂಡು ಆಪರೇಷನ್ನಿನ ಸರದಿಗಾಗಿ ಮಲಗಿದ್ದ. ಪತ್ರದ ಸುದ್ದಿ ಅವನಿಗೆ ಮುಟ್ಟಿತ್ತು. ನನ್ನ ಮಾತಿನ ಧಾಟಿ ಕೇಳಿಯೇ ಯಾವ ಊರು ಎಂದು ವಿಚಾರಿಸಿದ. ಹೇಳಿದೆ. ಅವನ ಊರು ನಮ್ಮೂರಿನಿಂದ ನಾಲ್ಕು ಹರದಾರಿ.

“ತಮ್ಮಾ, ಒಂದು ಮಾತು ಕೇಳ್ತೀನಿ. ಎಲುಬು ಮಾತಾಡ್ತೈತೇನು?” ಎಂದ.

ಎಲುಬು ಆಡಲಿಲ್ಲ ಕಾಕಾ, ನಾ ಆಡಿದೆ ಎಂದು ಒಪ್ಪಿಕೊಂಡೆ. ಅವನು ಬೈಯಲಿಲ್ಲ. ಮಿಲ್ಲಿನ ಚಾಳಿನಲ್ಲಿ ತನಗೊಂದು ಖೋಲಿ ಇದೆ, ಅದರಲ್ಲಿ ವಿಧವೆ ಮಗಳು, ಅವಳ ಮೂರು ಹೆಣ್ಣುಮಕ್ಕಳು ಇದ್ದಾರೆ, ಸುಳ್ಳು ವಯಸ್ಸು ಕೊಟ್ಟನೆಂದು ನೌಕರಿಯಿಂದ ತೆಗೆದರೆ ಖೋಲಿಯೂ ಹೋಗುತ್ತದೆ ಎಂದಷ್ಟೇ ಹೇಳಿದ. ಕಾಗದದ ಪ್ರಕಾರ ಅವನಿಗಿನ್ನೂ ಹಲವು ವರ್ಷ ನೌಕರಿಯಿತ್ತು. ನಿಜವಾದ ವಯಸ್ಸೆಷ್ಟು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. 

ಮರುದಿನ ಬಡೇ ಸಾಹೇಬರ ಹತ್ತಿರ ಹೋಗಿ, ಪತ್ರಕ್ಕೆ ಉತ್ತರ ಬರೆಯದಿದ್ದರೆ ಹೇಗೆ ಎಂದು ಕೇಳಿದೆ. ಅವರ ಮಾತು ಮರಾಠಿ, ಹಿಂದಿ, ಇಂಗ್ಲಿಷ್ ಕಲಸಿದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎಲುಬು ಸುಳ್ಳು ಹೇಳುವುದಿಲ್ಲ, ನಿನಗಾಗಿ ನಾನು ಹೇಳಬೇಕೇ ಎಂದರು. ಅವರೂ ಸಿಕ್ಕಿಬಿದ್ದಿದ್ದರು. ಅಷ್ಟು ಜನರೆದುರು ಅರವತ್ತನಾಲ್ಕು ಎಂದವರು ಈಗ ಗೊತ್ತಿಲ್ಲ ಎಂದು ಬರೆದರೆ ಜ್ಯೋತಿಷ್ಯದ ಗತಿಯೇನು. ಗುರುವಾರ ಬಂದು ಉತ್ತರ ಒಯ್ಯಲಿ ಎಂದು ಸಾಮಂತನಿಗೆ ಹೇಳಿಕಳಿಸಿದರು.

ಗುರುವಾರ ಅವನು ಬಂದ. ಸಾಹೇಬರು ವಾರ್ಡಿನಲ್ಲಿದ್ದರು. ಹೊರಗೆ ಕೂಡ್ರಿ ಎಂದರೂ ಕೇಳದೆ ಪ್ಲಾಸ್ಟರ್ ರೂಮಿನೊಳಗೆ ಬಂದ, ಹೊಸ ಚರ್ಮದ ಬೂಟಿನಲ್ಲಿ. ನಮ್ಮ ನೆಲ ಯಾವಾಗಲೂ ಬಿಳಿ ರಾಡಿ, ನಾವು ಬರಿಗಾಲಲ್ಲಿ ಬೆರಳು ಊರಿ ನಡೆಯುತ್ತೇವೆ. ಅವನು ನಾಲ್ಕು ಹೆಜ್ಜೆ ಇಟ್ಟ. ಐದನೆಯದಕ್ಕೆ ಎರಡೂ ಕಾಲು ಮೇಲೆ ಹೋದವು, ಬಲಗೈ ಊರಿ ಬಿದ್ದ, ಫೈಲು ಬಕೆಟ್ಟಿನಲ್ಲಿ ಬಿತ್ತು. ನಾನೇ ಬೇಕೆಂದು ನೀರು ಚೆಲ್ಲಿದೆನೆಂದು ಹೇಳುವವರು ಇವತ್ತಿಗೂ ಇದ್ದಾರೆ. ದೇವರಾಣೆ ಇಲ್ಲ. ಆದರೆ ನೀರು ಒರೆಸಿರಲಿಲ್ಲ, ಅದು ನಿಜ.

ಅವನ ಮಣಿಕಟ್ಟು ಬಗ್ಗಿದ ಚಮಚದಂತೆ ಕಾಣುತ್ತಿತ್ತು. ಎಕ್ಸ್‌ರೇಗೆ ಕಳಿಸಿದೆ. ಫಿಲ್ಮು ಇನ್ನೂ ಒದ್ದೆಯಾಗಿ ತೊಟ್ಟಿಕ್ಕುತ್ತಿರುವಾಗಲೇ ತಂದು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಅವನನ್ನು ಹಿಂದಿನ ಬೆಂಚಿನ ಮೇಲೆ ಕೂಡ್ರಿಸಿದೆ, ಕೊರಳಿಗೆ ಬಟ್ಟೆಯ ಜೋಲಿ ಕಟ್ಟಿ. ಅಷ್ಟರಲ್ಲಿ ಸಾಹೇಬರು ವಿದ್ಯಾರ್ಥಿಗಳ ದಂಡಿನೊಂದಿಗೆ ಒಳಗೆ ಬಂದರು. ಬೆಂಚಿನ ಕಡೆ ನೋಡಲೇ ಇಲ್ಲ. ಬೆಳಗುತ್ತಿದ್ದ ಫಿಲ್ಮು ಕಂಡದ್ದೇ ಕನ್ನಡಕ ಸರಿಪಡಿಸಿಕೊಂಡರು.

ಹೆಂಗಸು ಎಂದರು. ಅರವತ್ತೆರಡು. ನಳದ ಹತ್ತಿರ ಕೊಡ ಹಿಡಿದು ಜಾರಿದ್ದಾಳೆ. ಮನೆಯಲ್ಲಿ ಮೊಮ್ಮಕ್ಕಳಿರಬೇಕು. ವಿಧೇಯ ವಿದ್ಯಾರ್ಥಿಯೊಬ್ಬ ಎಲ್ಲವನ್ನೂ ಕೇಸ್ ಪೇಪರಿನ ಮೇಲೆ ಬರೆದುಕೊಳ್ಳುತ್ತಿದ್ದ.

ನಾನು ಬಾಯಿ ಮುಚ್ಚಿಕೊಂಡಿರುವುದೆಂದು ತೀರ್ಮಾನಿಸಿದ್ದೆ. ಆದರೂ ಯಾರಾದರೂ ಹೇಳಲೇಬೇಕಿತ್ತು.

“ಸಾಹೇಬ, ಆ ಅಜ್ಜಿ ಇಲ್ಲೇ ಕುಳಿತಿದ್ದಾರೆ,” ಎಂದೆ.

ಎಲ್ಲರೂ ತಿರುಗಿದರು. ಮೂವತ್ತೊಂದು ವರ್ಷದ, ಇನ್ನೂ ಮದುವೆಯಾಗದ ಸಾಮಂತ ಜೋಲಿಯಲ್ಲಿ ಕೈಯಿಟ್ಟುಕೊಂಡು ಎದ್ದು ನಿಂತ. ಯಾರೂ ನಗಲಿಲ್ಲ, ನಗಲು ಧೈರ್ಯ ಬರಲಿಲ್ಲ. ಬಡೇ ಸಾಹೇಬರು ಫಿಲ್ಮನ್ನು ನೋಡಿದರು, ಅವನನ್ನು ನೋಡಿದರು, ಮತ್ತೆ ಫಿಲ್ಮನ್ನು ನೋಡಿದರು. ಆಮೇಲೆ ಅಂಗಿಯ ತೋಳು ಮಡಿಚಿ ಕೈ ತೊಳೆಯಲು ಹೋದರು. ಜಾಗ ಮರಗಟ್ಟಿಸುವ ಸೂಜಿ ಹಾಕಿ, ನಾನು ಮೊಣಕೈ ಹಿಡಿದು, ಅವರು ಬೆರಳು ಹಿಡಿದು ಎಳೆದು, ಎಲುಬು ಕೂಡಿಸಿದೆವು. ಅಂಥ ಚೊಕ್ಕ ಕೆಲಸ ಅವರು ಮಾಡಿದ್ದನ್ನು ನಾನು ಮತ್ತೆ ನೋಡಲಿಲ್ಲ. ಮುಗಿಸಿ ಮತ್ತೆ ಕೈ ತೊಳೆಯುವಾಗ ವಿದ್ಯಾರ್ಥಿಗಳಿಗೆ ಹೇಳಿದರು: ಗಟ್ಟಿಯಾಗಿ ಬಿದ್ದರೆ ಮೂವತ್ತರ ಎಲುಬೂ ಹೀಗೆ ಮುರಿಯಬಹುದು, ಇದು ನನಗೆ ಗೊತ್ತಿತ್ತು, ಮರೆತಿದ್ದೆ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ವಿದ್ಯಾರ್ಥಿ ಬರೆದ ಕೇಸ್ ಪೇಪರು ಯಾರೂ ನೋಡುವ ಮೊದಲೇ ರೆಕಾರ್ಡ್ ಆಫೀಸಿಗೆ ಹೋಗಿ ಮೊಹರಿನ ಸಿಕ್ಕೆ ಹಾಕಿಸಿಕೊಂಡು ಬಂತು. ಸಾಮಂತ ರಜೆಗಾಗಿ ಅದನ್ನು ತನ್ನ ಮಿಲ್ಲಿಗೆ ಕೊಟ್ಟ. ಮಿಲ್ಲಿನವರು ಹಿಂದಕ್ಕೆ ಕಳಿಸಿದರು. ಸ್ತ್ರೀ, ವಯಸ್ಸು ಅರವತ್ತೆರಡು ಎಂದಿದೆ, ಇಂಥ ಸಿಬ್ಬಂದಿ ನಮ್ಮಲ್ಲಿಲ್ಲ, ಇದ್ದರೆ ನಿವೃತ್ತರಾಗಿರಬೇಕು. ಅವನು ನಮ್ಮ ರೆಕಾರ್ಡ್ ಆಫೀಸಿಗೆ ಬಂದ. ಅಲ್ಲಿಯ ಕ್ಲಾರ್ಕು ಫೈಲಿನಿಂದ ತಲೆ ಎತ್ತದೆ, ಒಮ್ಮೆ ಬರೆದ ವಯಸ್ಸು ತಿದ್ದಲು ಅಫಿಡವಿಟ್ ಬೇಕು, ಹೆಂಗಸನ್ನು ಗಂಡಸು ಮಾಡುವುದಕ್ಕೆ ಯಾವ ಫಾರ್ಮು ಎಂದು ತನಗೆ ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ ಎಂದ. ತಾನು ಎದುರಿಗೇ ನಿಂತಿದ್ದೇನೆ, ಮೀಸೆ ಕಾಣುವುದಿಲ್ಲವೇ ಎಂದು ಸಾಮಂತ ಕೇಳಿದ. ಕಾಣುತ್ತದೆ, ಆದರೆ ಮೀಸೆಯ ಬಗ್ಗೆ ಕಾಗದದಲ್ಲಿ ಏನೂ ಇಲ್ಲ ಎಂದು ಕ್ಲಾರ್ಕು ಹೇಳಿದನಂತೆ.

ಎರಡು ವಾರ ಅಲೆದು ಸಾಮಂತ ಬಡೇ ಸಾಹೇಬರ ಕೋಣೆಗೆ ಬಂದ. ಪ್ಲಾಸ್ಟರು ಬಿಗಿಯಾಗಿದೆಯೇ ನೋಡಲು ನಾನೂ ಅಲ್ಲಿದ್ದೆ. ಅವನ ಮೂರು ಬಣ್ಣದ ಪೆನ್ನುಗಳಲ್ಲಿ ಎರಡು ಕಾಣೆಯಾಗಿದ್ದವು. ಎಲುಬು ನೋಡಿ ವಯಸ್ಸನ್ನಾಗಲಿ, ಗಂಡೋ ಹೆಣ್ಣೋ ಎಂಬುದನ್ನಾಗಲಿ ಹೇಳಲಾಗದು ಎಂದು ಒಂದು ಪತ್ರ ಕೊಡಿ ಸರ್, ಅಷ್ಟು ಸಾಕು ಎಂದ.

ಸಾಹೇಬರು ಡ್ರಾವರಿನಿಂದ ಎರಡು ಹಾಳೆ ತೆಗೆದರು. ನಡುವೆ ಕಾರ್ಬನ್ ಕಾಗದ ಇಟ್ಟರು. ಮುರಿತದ ಬಗೆಯಿಂದ ದೊಡ್ಡವರ ವಯಸ್ಸನ್ನು, ಗಂಡೋ ಹೆಣ್ಣೋ ಎಂಬುದನ್ನು ಊಹಿಸಬಹುದು, ಸಾಬೀತು ಮಾಡಲಾಗದು, ಈ ವಿಭಾಗದ ಊಹೆ ತಪ್ಪಿದ್ದೂ ಉಂಟು ಎಂದು ಬರೆದು ಸಹಿ ಹಾಕಿದರು.  ಮೇಲಿನ ಹಾಳೆ ಸಾಮಂತನಿಗೆ ಕೊಟ್ಟು, ಕೆಳಗಿನದನ್ನೂ ಅವನ ಮುಂದೆಯೇ ಇಟ್ಟರು.

“ಇದು ನಿಮ್ಮ ಜಾಬರನ ಫೈಲಿಗೆ. ಒಂದನ್ನು ಒಪ್ಪಿದರೆ ಇನ್ನೊಂದನ್ನೂ ಒಪ್ಪಬೇಕು,” ಎಂದರು.

ಸಾಮಂತ ಎರಡನ್ನೂ ಓದಿದ. ಅಕ್ಷರ ಅಕ್ಷರ ಒಂದೇ. ಅವನು ಕೆಟ್ಟವನಲ್ಲ, ಕಾಗದವನ್ನು ನಂಬಿದವನು, ಅಷ್ಟೇ. ಎರಡನ್ನೂ ಎಡಗೈಯಿಂದ ಮಡಿಸಿ ಕಿಸೆಗೆ ಹಾಕಿಕೊಂಡ. ಸಿದ್ರಾಮಪ್ಪನ ವಯಸ್ಸಿನ ವಿಚಾರ ಅಲ್ಲಿಗೆ ನಿಂತಿತು. ಬಡೇ ಸಾಹೇಬರು ಮತ್ತೆಂದೂ ಫಿಲ್ಮಿನ ಮೂಲೆಗೆ ಕಪ್ಪು ಕಾಗದ ಮುಚ್ಚಲಿಲ್ಲ. ಮೊದಲು ಹೆಸರು, ವಯಸ್ಸು ಓದಿಸಿ, ಆಮೇಲೆ ಮುರಿತ ನೋಡುತ್ತಿದ್ದರು. ಆಟ ಹೋದ ಮೇಲೆ ಪಾಠ ಚೆನ್ನಾಯಿತೆಂದು ವಿದ್ಯಾರ್ಥಿಗಳು ಹೇಳುತ್ತಿದ್ದರು.

ಸಿದ್ರಾಮಪ್ಪನಿಗೆ ಸೊಂಟದಲ್ಲಿ ಮೊಳೆ ಹಾಕಿ ಎಲುಬು ಕೂಡಿಸಿದರು. ಎಷ್ಟೋ ತಿಂಗಳ ಮೇಲೆ ಕೋಲು ಹಿಡಿದು ನಡೆದ, ಮಿಲ್ಲಿನವರು ಕೂತು ಮಾಡುವ, ಬಟ್ಟೆಯ ಥಾನುಗಳಿಗೆ ಸಿಕ್ಕೆ ಒತ್ತುವ ಕೆಲಸ ಕೊಟ್ಟರು. ಕಾಗದದ ವಯಸ್ಸು ಮುಗಿಯುವ ತನಕ ಅಲ್ಲೇ ಇದ್ದ. ಆದರೆ ನಾನು ಹೇಳಬೇಕಾದ್ದು ಅವನು ವಾರ್ಡು ಬಿಡುವ ಮುಂಚಿನ ಒಂದು ಮಧ್ಯಾಹ್ನದ ಮಾತು.

ಊರಿಗೆ ಒಂದು ಪತ್ರ ಬರೆದುಕೊಡು ಎಂದು ಕರೆಸಿದ. ಅವನಿಗೆ ಬರೆಯಲು ಬರುತ್ತಿರಲಿಲ್ಲ. ಊರಲ್ಲಿ ತಾಯಿ ಇನ್ನೂ ಇದ್ದಳು, ಎಂಬತ್ತು ದಾಟಿದ್ದಳು. ಇನ್ಲ್ಯಾಂಡ್ ಪತ್ರ ತೆರೆದು ಕುಳಿತೆ.  ಆಗ ಅವನು, ನಾನು ಕೇಳದೆಯೇ, ಹೇಳಿದ.

ಅವನ ಹೆಸರು ಸಿದ್ರಾಮಪ್ಪ ಅಲ್ಲ, ಭೀಮಪ್ಪ. ಸಿದ್ರಾಮ ಅವನಿಗಿಂತ ಹದಿಮೂರು ವರ್ಷ ಸಣ್ಣ ತಮ್ಮ, ಎರಡು ವರ್ಷದವನಿರುವಾಗಲೇ ತೀರಿಕೊಂಡಿದ್ದ. ಊರ ಚಾವಡಿಯಲ್ಲಿ ಹುಟ್ಟಿದ್ದು ಬರೆದಿದ್ದರು, ಸತ್ತದ್ದು ಬರೆದಿರಲಿಲ್ಲ. ಭೀಮಪ್ಪನದು ಹುಟ್ಟಿದ್ದೂ ಬರೆದಿರಲಿಲ್ಲ. ಮುಂಬಯಿಗೆ ಹೊರಟಾಗ ಅವನಿಗೆ ಮೂವತ್ತು ದಾಟಿತ್ತು, ಮಿಲ್ಲಿನವರು ಹರೆಯದವರನ್ನೇ ಕೇಳುತ್ತಿದ್ದರು. ಕುಲಕರ್ಣಿಯಿಂದ ತಮ್ಮನ ಹುಟ್ಟಿನ ನಕಲು ತೆಗೆಸಿಕೊಂಡು ಬಂದ. ಗೇಟಿನಲ್ಲಿ ಕಾಗದ ನೋಡಿದರು, ಕೈ ನೋಡಿದರು, ಮುಖ ಯಾರೂ ನೋಡಲಿಲ್ಲ.

“ತಮ್ಮಂದು ವಯಸ್ಸು ಎಷ್ಟಾತು ಅಂತ ಲೆಕ್ಕ ಇಟ್ಟೀನಿ. ನಂದು ಮರತೀನಿ,” ಎಂದ.

ಊರಿಗೆ ಹೋಗುವ ಪತ್ರಗಳ ಮೇಲೆ ಅವನು ಮಿಲ್ಲಿನಲ್ಲಿ ಕೊಟ್ಟಿದ್ದ ಹೆಸರೇ ಇರುತ್ತಿತ್ತು. ಶಾಲೆಯ ಮಾಸ್ತರರು ಓದಿ ಹೇಳುವಾಗ ಸಿದ್ರಾಮ ಬರೆದಿದ್ದಾನೆ ಎಂದೇ ಓದಬೇಕು. ಮೊದಲ ಪತ್ರದಿಂದಲೇ ತಾಯಿ, ತನ್ನ ಇಬ್ಬರು ಮಕ್ಕಳೂ ಮುಂಬಯಿಯಲ್ಲಿದ್ದಾರೆ ಎನ್ನತೊಡಗಿದಳು. ಇವನು ರಜೆಗೆ ಊರಿಗೆ ಹೋದರೆ, ಸಿದ್ರಾಮ ಆರಾಮ ಅದಾನೇನು, ಅವಗ್ಯಾಕ ಕರಕೊಂಡು ಬರಲಿಲ್ಲ ಎಂದು ಕೇಳುತ್ತಿದ್ದಳು. ರಜೆ ಸಿಗಲಿಲ್ಲವ್ವ ಎಂದು ಇವನು ಹೇಳುತ್ತಿದ್ದ. ಆಕೆಗೆ ಮರೆವೇ ಎಂದು ಕೇಳಿದೆ.

“ಮರವು ಏನಿಲ್ಲ. ಸಿದ್ರಾಮಗ ಮಣ್ಣು ಕೊಟ್ಟಾಕಿ ಆಕೀನ,” ಎಂದ.

ಈಗ ಅವನ ಪೇಚು ಇಷ್ಟೇ. ಸೊಂಟ ಮುರಿದದ್ದು ತಾಯಿಗೆ ತಿಳಿಸಬೇಕು. ಯಾರ ಸೊಂಟ ಎಂದು ಬರೆಸುವುದು. ಸಣ್ಣವನದೆಂದರೆ ಆಕೆ ಎದೆ ಒಡೆದುಕೊಳ್ಳುತ್ತಾಳೆ, ಅವನನ್ನು ಒಮ್ಮೆ ಕಳಕೊಂಡವಳು. ಕೊನೆಗೆ ಅವನು ಹೇಳಿದ, ನಾನು ಹಾಗೆಯೇ ಬರೆದೆ: ಅವ್ವಗ ಸಿದ್ರಾಮನ ಶಿರಸಾಷ್ಟಾಂಗ. ಅಣ್ಣ ಭೀಮಪ್ಪ ಕಾಲು ಜಾರಿ ಬಿದ್ದಿದ್ದ, ಸೊಂಟ ಮುರಿದಿತ್ತು. ಈಗ ಆರಾಮ ಇದ್ದಾನೆ. ನಾನು ಜೋಡಿಗೇ ಇದ್ದು ನೋಡಿಕೊಳ್ಳುತ್ತಿದ್ದೇನೆ. ಚಿಂತಿ ಮಾಡಬೇಡ.

ಮೂರು ವಾರದ ಮೇಲೆ ಉತ್ತರ ಬಂತು. ಆಸ್ಪತ್ರೆಯ ವಿಳಾಸಕ್ಕೆ, ಸಿದ್ರಾಮಪ್ಪನ ಹೆಸರಿಗೆ. ನಾನೇ ಓದಿ ಹೇಳಿದೆ. ಮಾಸ್ತರರ ದುಂಡಗಿನ ಅಕ್ಷರದಲ್ಲಿ ತಾಯಿ ಬರೆಸಿದ್ದು ಎರಡೇ ಸಾಲು.

“ಸಿದ್ರಾಮಾ, ಅಣ್ಣಗ ಬಿದ್ದದ್ದಕ್ಕ ಬೈಬ್ಯಾಡ. ಅವಗ ಅರವತ್ತಮೂರು ಮುಗದು ಅರವತ್ತನಾಲ್ಕು ನಡದೈತಿ.”